ಹೂ ಕಣಿವೆಗೆ ಹೋಗುವವರಿಗೆ ಘಾಂಘರಿಯಾದಲ್ಲಿ ನಾಲ್ಕನೇ ರಾತ್ರಿ ಯಾಕೆ ಬೇಕು

ಉತ್ತರಾಖಂಡದ ಹೂ ಕಣಿವೆಗೆ (ವ್ಯಾಲಿ ಆಫ್ ಫ್ಲವರ್ಸ್) ಟಿಕೆಟ್ ಪಡೆಯುವುದು ದೊಡ್ಡ ಮಾತೇನಲ್ಲ. 2025ರ ಹಂಗಾಮಿನಲ್ಲಿ ಭಾರತೀಯರಿಗೆ 200 ರೂಪಾಯಿ, ವಿದೇಶಿಯರಿಗೆ 800. ಗುರುತಿನ ಚೀಟಿ ತೋರಿಸಿದರೆ ಕೆಲಸ ಮುಗಿಯಿತು. ಟಿಕೆಟ್ ಎಷ್ಟು ದಿನಕ್ಕೆ ನಡೆಯುತ್ತದೆ ಅನ್ನುವುದನ್ನು ಮಾತ್ರ ದುಡ್ಡು ಕೊಡುವ ಮೊದಲೇ ಕೇಳಿಕೊಳ್ಳಿ. ತಲೆ ಕೆಡಿಸಿಕೊಳ್ಳಬೇಕಾದದ್ದು ಗಡಿಯಾರದ ಬಗ್ಗೆ. ಗೇಟು ಬೆಳಿಗ್ಗೆ 7ಕ್ಕೆ ತೆರೆಯುತ್ತದೆ, ಮಧ್ಯಾಹ್ನವಾದ ಮೇಲೆ ಬಂದವರನ್ನು ಒಳಗೆ ಬಿಡುವುದಿಲ್ಲ, ಸಂಜೆ 5ಕ್ಕೆ ಎಲ್ಲರೂ ಹೊರಗಿರಬೇಕು. ಒಳಗೆ ಡೇರೆ ಹಾಕುವಂತಿಲ್ಲ, ಅಂಗಡಿ ಇಲ್ಲ, ಹೇಸರಗತ್ತೆಗೆ ಪ್ರವೇಶವಿಲ್ಲ. ಇಡೀ ಪ್ರವಾಸದ ಒಳ್ಳೆಯದು ಕೆಟ್ಟದ್ದು ಎಲ್ಲವೂ ಈ ಹತ್ತು ಗಂಟೆಯಲ್ಲಿ ಎಷ್ಟು ಹೊತ್ತು ನೀವು ಹೂವಿನ ನಡುವೆ ಇದ್ದಿರಿ ಅನ್ನುವುದರ ಮೇಲೆ ನಿಂತಿದೆ.

ಪ್ಯಾಕೇಜ್ ಗುಂಪುಗಳ ದಿನ ಹೇಗೆ ಕಳೆಯುತ್ತದೆ ನೋಡಿ. ತಿಂಡಿ ಮುಗಿಸಿ ಎಲ್ಲರೂ ಸೇರಿ ಹೊರಡುವಾಗ 8.30. ಚೆಕ್‌ಪೋಸ್ಟಿನ ಸಾಲು ದಾಟುವಾಗ 9. ಅಲ್ಲಿಂದ ಮೊದಲ ಹುಲ್ಲುಗಾವಲು ಕಣ್ಣಿಗೆ ಬೀಳಲು ಗುಂಪಿನ ನಡಿಗೆಯಲ್ಲಿ ಎರಡೂವರೆ ಗಂಟೆ. ಬುತ್ತಿ ಬಿಚ್ಚಿ ಉಂಡು ನಾಲ್ಕು ಫೋಟೊ ತೆಗೆಯುವಷ್ಟರಲ್ಲಿ 1.30ಕ್ಕೆ ಗೈಡ್ 'ವಾಪಸ್ ಚಲೋ' ಅನ್ನುತ್ತಾನೆ. ಮೂರು ದಿನ ಪ್ರಯಾಣ ಮಾಡಿ ಬಂದವರಿಗೆ ಸಿಕ್ಕಿದ್ದು ಎರಡು ಗಂಟೆ. ಅದೇ ದಿನ ಮಳೆ ಹಿಡಿದರೆ ಅದೂ ಇಲ್ಲ. ಜೋರು ಮಳೆಯ ಮುನ್ಸೂಚನೆ ಇದ್ದರೆ ಅರಣ್ಯ ಇಲಾಖೆ ಗೇಟನ್ನೇ ಮುಚ್ಚುತ್ತದೆ. ಹಾಗೆ ಮುಚ್ಚುವುದು ಸರಿಯೂ ಹೌದು.

ಸಾಮಾನ್ಯ ಆರು ದಿನದ ಪ್ಯಾಕೇಜಿನಲ್ಲಿ ಕಣಿವೆಯ ಕೆಳಗಿನ ತಂಗುವ ಊರಾದ ಘಾಂಘರಿಯಾದಲ್ಲಿ ಮೂರು ರಾತ್ರಿ: ತಲುಪಿದ ದಿನ, ಕಣಿವೆಯ ದಿನ, ಮತ್ತೆ ಬೆಟ್ಟದ ಮೇಲಿನ ಸರೋವರದ ಬಳಿಯ ಸಿಖ್ಖರ ಯಾತ್ರಾಸ್ಥಳ ಹೇಮಕುಂಡದ ದಿನ. ಕಾಗದದ ಮೇಲೆ ಸರಿಯಾಗಿಯೇ ಇದೆ. ಆದರೆ ಕಣಿವೆಯಲ್ಲಿ ಹೂವಿನ ಕಾಲವೂ ಮಳೆಗಾಲವೂ ಒಂದೇ ಆದ್ದರಿಂದ ಒಂದು ದಿನ ಕೈತಪ್ಪುವುದನ್ನು ಲೆಕ್ಕಕ್ಕೆ ಹಿಡಿದೇ ಹೋಗಬೇಕು. ನಾಲ್ಕನೇ ರಾತ್ರಿಯ ಕೋಣೆಯ ಬಾಡಿಗೆ ಇಡೀ ಖರ್ಚಿನಲ್ಲಿ ಸಣ್ಣ ಮೊತ್ತ. ಮಳೆ ಬರದಿದ್ದರೆ ಆ ದಿನ ಕಣಿವೆಗೆ ಎರಡನೇ ಸಲ ಹೋಗಿ. ಎರಡು ರಾತ್ರಿಯ ಅಗ್ಗದ ಪ್ಯಾಕೇಜುಗಳೂ ಇವೆ. ಅವುಗಳಲ್ಲಿ ಕಣಿವೆಯೋ ಹೇಮಕುಂಡವೋ ಯಾವುದಾದರೂ ಒಂದನ್ನು ಆರಿಸಿಕೊಳ್ಳಿ ಅಂತ ಪ್ರಾಮಾಣಿಕವಾಗಿ ಬರೆದಿದ್ದರೆ ಚೆನ್ನಾಗಿತ್ತು.

ತಲುಪುವ ದಾರಿ ಹೀಗಿದೆ. ಋಷಿಕೇಶದಿಂದ ಜೋಶಿಮಠಕ್ಕೆ ಸುಮಾರು 250 ಕಿಲೋಮೀಟರ್, ರಸ್ತೆ ತೆರೆದಿದ್ದರೆ ಹತ್ತು ಗಂಟೆ. ಬೆಳಿಗ್ಗೆ 5ಕ್ಕೆ ಮುಂಚೆ ಹೊರಡುವುದು ವಾಸಿ. ಬೆಟ್ಟದ ರಸ್ತೆಯಲ್ಲಿ ರಾತ್ರಿ ವಾಹನ ಬಿಡುವುದಿಲ್ಲ, ಗುಡ್ಡ ಕುಸಿದು ಎರಡು ಗಂಟೆ ನಿಂತರೂ ಬೆಳಕಿರುವಾಗಲೇ ಊರು ಮುಟ್ಟಬಹುದು. ಜೋಶಿಮಠದಿಂದ ಗೋವಿಂದಘಾಟ್ ಇನ್ನು 20 ಕಿಲೋಮೀಟರ್. ಅಲ್ಲಿಂದ ಪುಲನಾ ಹಳ್ಳಿಗೆ 4 ಕಿಲೋಮೀಟರ್ ಷೇರ್ ಜೀಪು. ತುಂಬಿದ ಮೇಲೆಯೇ ಹೊರಡುತ್ತದೆ. ಪುಲನಾದಿಂದ ಘಾಂಘರಿಯಾಕ್ಕೆ 9–10 ಕಿಲೋಮೀಟರ್ ನಡಿಗೆ, ಕಲ್ಲು ಹಾಸಿದ ದಾರಿ. ಭ್ಯುಂಡಾರ್ ಹಳ್ಳಿಯವರೆಗೆ ಸಲೀಸು. ನದಿ ದಾಟಿದ ಮೇಲಿನ ಕೊನೆಯ ಮೂರು ಕಿಲೋಮೀಟರ್ ಮಂಡಿಯನ್ನು ಪರೀಕ್ಷಿಸುತ್ತದೆ. 2013ರ ಜೂನ್ ಪ್ರವಾಹದಲ್ಲಿ ಹಳೆಯ ದಾರಿ ಕೊಚ್ಚಿಹೋದ ಮೇಲೆ ಮಾಡಿದ ಹೊಸ ದಾರಿಯ ಏರು ಇನ್ನೂ ಕಡಿದು.

ಈ ದಾರಿಯ ನಿಜವಾದ ತೊಂದರೆ ಹೇಸರಗತ್ತೆಗಳದ್ದು. ಲದ್ದಿ ಮಳೆಯಲ್ಲಿ ಕಲಸಿ ಕಲ್ಲಿನ ಮೇಲೆ ಸೋಪಿನ ಹಾಗೆ ಕೂತಿರುತ್ತದೆ. ಹೇಸರಗತ್ತೆ ಎದುರಾದಾಗ ಯಾವತ್ತೂ ಬೆಟ್ಟದ ಕಡೆಗೆ ಒತ್ತಿ ನಿಲ್ಲಿ, ಕಣಿವೆಯ ಅಂಚಿಗೆ ಅಲ್ಲ. ಅದರ ಬೆನ್ನಿನ ಮೂಟೆ ತಾಗಿದರೂ ಸಾಕು, ಆಯ ತಪ್ಪುತ್ತದೆ. ಗೋವಿಂದಘಾಟಿನಿಂದ ಹೆಲಿಕಾಪ್ಟರ್ ಕೂಡ ಇದೆ, ಆದರೆ ಮಳೆಗಾಲದ ಮೋಡದಲ್ಲಿ ಅದನ್ನು ನಂಬಿ ದಿನ ಗೊತ್ತು ಮಾಡಬೇಡಿ.

ಘಾಂಘರಿಯಾ 3,050 ಮೀಟರ್ ಎತ್ತರದ ಒಂದೇ ಬೀದಿಯ ಊರು, ಚಳಿಗಾಲದಲ್ಲಿ ಪೂರ್ತಿ ಖಾಲಿ. ಗುರುದ್ವಾರದಲ್ಲಿ ಉಳಿಯಲು ಜಾಗ, ಕಂಬಳಿ, ಲಂಗರ್ ಊಟ ಎಲ್ಲ ಉಚಿತ. ಜೂನ್‌ನಲ್ಲಿ ಹೇಮಕುಂಡ ಯಾತ್ರಿಕರಿಂದ ತುಂಬಿ ತುಳುಕುತ್ತದೆ. ಲಾಡ್ಜುಗಳಲ್ಲಿ ಕೋಣೆಯ ತೇವವೇ ದೊಡ್ಡ ದೂರು. ಒಗೆದ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ, ಹಾಗಾಗಿ ಒಗೆಯುವ ಯೋಚನೆ ಬಿಟ್ಟು ನಾಲ್ಕು ಜೊತೆ ಕಾಲುಚೀಲ ಒಯ್ಯಿರಿ. ಕರೆಂಟು, ನೆಟ್‌ವರ್ಕ್ ಎರಡೂ ಬಂದರೆ ಬಂತು. ಫೋನಿನಲ್ಲಿ ದುಡ್ಡು ಕಳಿಸಿದರಾಯಿತು ಅಂದುಕೊಂಡು ಹೋಗುವುದು ಬೇಡ; ಜೋಶಿಮಠದಲ್ಲೇ ಪೂರ್ತಿ ಖರ್ಚಿನ ನಗದು ತೆಗೆದುಕೊಳ್ಳಿ, 100ರ ನೋಟುಗಳು ಹೆಚ್ಚಿರಲಿ.

ಇನ್ನು ಕಣಿವೆ. ಊರು ದಾಟಿ ಸ್ವಲ್ಪ ದೂರದಲ್ಲಿ ದಾರಿ ಕವಲೊಡೆಯುತ್ತದೆ: ಜನವೆಲ್ಲ ಹೋಗುವ ಅಗಲ ದಾರಿ ಹೇಮಕುಂಡಕ್ಕೆ, ಎಡಗಡೆಯ ಕಿರಿದಾದ ದಾರಿ ಕಣಿವೆಯ ಚೆಕ್‌ಪೋಸ್ಟಿಗೆ. 6.45ಕ್ಕೇ ಅಲ್ಲಿರಿ. ತಿಂಡಿಗೆ ಕಾಯಬೇಡಿ, ಹಿಂದಿನ ರಾತ್ರಿಯೇ ಢಾಬಾದಲ್ಲಿ ಹೇಳಿಟ್ಟರೆ ಬೆಳಿಗ್ಗೆ 6ಕ್ಕೆ ಪರಾಠ ಕಟ್ಟಿಕೊಡುತ್ತಾರೆ. ಒಬ್ಬರಿಗೆ ನಾಲ್ಕು ಪರಾಠ, ಎರಡು ಲೀಟರ್ ನೀರು. ಮೊದಲು ಪುಷ್ಪಾವತಿ ನದಿಯ ಸೇತುವೆಗೆ ಇಳಿಜಾರು, ಆಮೇಲೆ ಭೂರ್ಜ ಮರಗಳ ನಡುವೆ ಕಡಿದಾದ ಏರು. ಭೂರ್ಜದ ತೊಗಟೆ ಕಾಗದದಂತೆ ಪದರಪದರವಾಗಿ ಎದ್ದು ಗಾಳಿಗೆ ಅಲುಗುತ್ತಿರುತ್ತದೆ. ಕೈ ತಾನಾಗಿ ಹೋಗುತ್ತದೆ, ಕೀಳಬೇಡಿ. ಈ ಏರಿನಲ್ಲೇ ಹೆಚ್ಚಿನವರು ಸುಸ್ತಾಗುವುದು. ನಡೆಯಲಾಗದವರನ್ನು ಬೆನ್ನಿನ ಬುಟ್ಟಿಯಲ್ಲಿ ಹೊತ್ತೊಯ್ಯುವ ಕಂಡಿಯವರು ಘಾಂಘರಿಯಾದಲ್ಲಿ ಸಿಗುತ್ತಾರೆ. ಹೋಗಿ ಬರುವ ಎರಡೂ ಕಡೆಯ ದರ ಮತ್ತು ಒಳಗೆ ಕಾಯುವ ಹೊತ್ತು, ಇವೆರಡನ್ನೂ ಮೊದಲೇ ಮಾತಾಡಿ.

ಏರು ಮುಗಿದ ಕೂಡಲೇ ಸಿಗುವ ಹುಲ್ಲುಗಾವಲಿನಲ್ಲಿ ಗುಂಪುಗಳು ಕೂತುಬಿಡುತ್ತವೆ. ಕೂರಬೇಡಿ. ಅಲ್ಲಿಂದ ಮುಂದೆ ದಾರಿ ಹೆಚ್ಚುಕಡಿಮೆ ಸಮತಟ್ಟು, ಜನ ಕರಗುತ್ತಾರೆ. ಜುಲೈ ಕೊನೆಗೆ ಕರ್ಣಕುಂಡಲದ ಜಾತಿಯ ಗುಲಾಬಿ ಬಾಲ್ಸಮ್ ದಾರಿಯ ಎರಡೂ ಬದಿ ಆಳೆತ್ತರ ಬೆಳೆದು, ಮೈಯೊಡ್ಡಿ ಹೋಗುವಾಗ ಎಲೆಯ ಮೇಲಿನ ನೀರೆಲ್ಲ ತೊಡೆಗೆ ಇಳಿಯುತ್ತದೆ. ಮಳೆ ನಿಂತಿದೆಯೆಂದು ಮಳೆಪ್ಯಾಂಟು ಬಿಚ್ಚಿದವರು ಒದ್ದೆಯಾಗುವುದು ಇಲ್ಲೇ. ಪಕ್ಕದ ಕವಲಿನಲ್ಲಿ ಜೋನ್ ಮಾರ್ಗರೆಟ್ ಲೆಗ್ ಸಮಾಧಿ ಇದೆ. ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕಾಗಿ ಗಿಡ ಸಂಗ್ರಹಿಸಲು ಬಂದು 1939ರಲ್ಲಿ ಇಲ್ಲಿ ಜಾರಿ ಬಿದ್ದು ತೀರಿಕೊಂಡವರು. ಇನ್ನೂ ಮುಂದೆ ಹೋದರೆ ನದಿಯ ದಂಡೆ. 7ಕ್ಕೆ ಹೊಕ್ಕವರು ನದಿದಂಡೆ ಮುಟ್ಟಿ, ಅರ್ಧ ಗಂಟೆ ಕೂತು, 1 ಗಂಟೆಗೆ ತಿರುಗಿದರೂ ಆತುರವಿಲ್ಲದೆ ಹೊರಬರಬಹುದು. ಹೊಳೆಗಳನ್ನು ದಾಟುವ ಕಡೆ ಹೋಗುವಾಗಲೇ ನೀರಿನ ಮಟ್ಟಕ್ಕೆ ಒಂದು ಕಲ್ಲನ್ನು ಗುರುತಿಟ್ಟುಕೊಳ್ಳಿ. ಹಿಮ ಕರಗಿದ ನೀರು ಮಧ್ಯಾಹ್ನಕ್ಕೆ ಏರುತ್ತದೆ, ಮೇಲೆ ಮಳೆಯಾದರೆ ಇನ್ನೂ ಬೇಗ.

ಯಾವಾಗ ಹೋಗಬೇಕು? ಕಣಿವೆಯ ರಾಷ್ಟ್ರೀಯ ಉದ್ಯಾನ ಜೂನ್ 1ರಿಂದ ಅಕ್ಟೋಬರ್ 31ರವರೆಗೆ ತೆರೆದಿರುತ್ತದೆ. ಜೂನ್‌ನಲ್ಲಿ ಹಿಮದ ತುಂಡುಗಳೂ ಅಲ್ಲಲ್ಲಿ ಪ್ರಿಮುಲಾಗಳೂ ಕಾಣುತ್ತವೆ. ಜಾಹೀರಾತಿನ ಚಿತ್ರದಂತಹ ಹೂಹಾಸು ಇರುವುದಿಲ್ಲ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಹೂವು ತುಂಬಿರುತ್ತದೆ, ಮಳೆಯೂ ಅಷ್ಟೇ. ನೀಲಿ ಗಸಗಸೆ ಹೂ ನೋಡಬೇಕಿದ್ದರೆ ಜುಲೈ. ಸೆಪ್ಟೆಂಬರ್‌ನಲ್ಲಿ ಆಕಾಶ ತಿಳಿಯಾಗಿ ಶಿಖರಗಳು ಕಾಣುತ್ತವೆ, ಗಿಡಗಳೆಲ್ಲ ಬೀಜಕ್ಕೆ ತಿರುಗಿರುತ್ತವೆ. ಬ್ರಹ್ಮಕಮಲವನ್ನು ಕಣಿವೆಯ ದಾರಿಯಲ್ಲಿ ಹುಡುಕಿ ನಿರಾಶರಾಗಬೇಡಿ. ಅದು ಇನ್ನೂ ಮೇಲೆ, ಹೇಮಕುಂಡದ ಬಂಡೆಗಳ ಸಂದಿಯಲ್ಲಿ ಅರಳುವ ಹೂವು. ದಾರಿಯಲ್ಲಿ ಸಿಬ್ಬಂದಿ ರಾಶಿರಾಶಿ ಗಿಡ ಕಿತ್ತುಹಾಕಿರುವುದು ಕಂಡರೆ ಗಾಬರಿ ಬೇಡ. ಅದು ಪಾಲಿಗೋನಮ್, ಉಳಿದ ಹೂಗಿಡಗಳನ್ನು ನುಂಗುವಷ್ಟು ಹಬ್ಬುತ್ತದೆ, ಪ್ರತಿವರ್ಷ ಕೀಳಲೇಬೇಕು.

ಹೇಮಕುಂಡವನ್ನು ಕಣಿವೆಯ ಮರುದಿನಕ್ಕೇ ಇಟ್ಟುಕೊಳ್ಳಿ, ಮೊದಲ ದಿನಕ್ಕಲ್ಲ. ಆರು ಕಿಲೋಮೀಟರ್‌ನಲ್ಲಿ ಸಾವಿರ ಮೀಟರ್‌ಗೂ ಹೆಚ್ಚು ಏರಿ 4,000 ಮೀಟರ್ ದಾಟುತ್ತೀರಿ. ಮೈ ಎತ್ತರಕ್ಕೆ ಒಗ್ಗುವ ಮೊದಲೇ ಹತ್ತಿದರೆ ತಲೆನೋವು, ವಾಕರಿಕೆ ಶುರು. ಹಾಗಾದರೆ ಸರೋವರ ಕಾಣುವ ಆಸೆ ಬಿಟ್ಟು ಇಳಿಯುವುದೊಂದೇ ಮದ್ದು. ಮೇಲೆ ರಾತ್ರಿ ತಂಗಲು ಬಿಡುವುದಿಲ್ಲ, ಮಧ್ಯಾಹ್ನ 2ರೊಳಗೆ ಹೊರಡಿಸುತ್ತಾರೆ.

ಚೀಲಕ್ಕೆ ಹೊರಗಿನ ಹೊದಿಕೆ ಸಾಲದು, ಬೆನ್ನಿನ ಕಡೆಯಿಂದ ನೀರು ಇಳಿದೇ ಇಳಿಯುತ್ತದೆ. ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಅದರಲ್ಲಿ ಬಟ್ಟೆ ತುಂಬಿ. ಕೊಡೆಗಿಂತ ಪೊಂಚೋ ವಾಸಿ, ಒಂದು ಕೈ ಕೋಲಿಗೆ ಬೇಕು. ಹೊಸ ಬೂಟನ್ನು ಇಲ್ಲಿಗೇ ಉದ್ಘಾಟನೆಗೆ ತರುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ, ಪುಲನಾಕ್ಕೆ ಕುಂಟುತ್ತಾ ಇಳಿಯುವವರೂ ಅವರೇ.

ಪ್ಯಾಕೇಜ್ ಬೇಕೇ? ದಾರಿ ತಪ್ಪುವ ಜಾಗ ಇದಲ್ಲ, ಕೋಣೆ ಮತ್ತು ವಾಹನ ನೀವೇ ಗೊತ್ತು ಮಾಡಿಕೊಳ್ಳಬಲ್ಲಿರಾದರೆ ಬೇಡ. ವಯಸ್ಸಾದವರು ಜೊತೆಗಿದ್ದರೆ, ರಸ್ತೆ ಮುಚ್ಚಿದಾಗ ಓಡಾಡಲು ಸ್ಥಳೀಯರೊಬ್ಬರು ಬೇಕೆನಿಸಿದರೆ ತೆಗೆದುಕೊಳ್ಳಿ. ಮುಂಗಡ ಕೊಡುವ ಮೊದಲು ಎರಡು ಪ್ರಶ್ನೆ ಕೇಳಿ: ಕಣಿವೆಯ ದಿನ ಬೆಳಿಗ್ಗೆ 7ಕ್ಕೆ ಗೇಟಿನಲ್ಲಿ ಇರಿಸುತ್ತೀರಾ? ಗೇಟು ಮುಚ್ಚಿದರೆ ಹೆಚ್ಚುವರಿ ರಾತ್ರಿಯ ಖರ್ಚು ಯಾರದು? ಎರಡಕ್ಕೂ ಬರಹದಲ್ಲಿ ಉತ್ತರ ಬರದಿದ್ದರೆ ಬೇರೆಯವರನ್ನು ನೋಡಿ. ಮತ್ತೆ, ಹರಿದ್ವಾರದಿಂದ ವಾಪಸು ರೈಲನ್ನು ನೀವು ಋಷಿಕೇಶ ತಲುಪುವ ದಿನಕ್ಕೇ ಬುಕ್ ಮಾಡಬೇಡಿ, ಮರುದಿನ ಸಂಜೆಯದ್ದಿರಲಿ.