ಹೆಬ್ಬಾವು ಆಕಳಿಸಿದಾಗ ಬಂದವರು: ಐದಕ್ಕೆ ನಾಲ್ಕೂವರೆ

ಮಿಕ್ಸಿಗೆ ನಕ್ಷತ್ರ ಕೊಡುತ್ತಾರೆ, ಬಿರಿಯಾನಿಗೆ ಕೊಡುತ್ತಾರೆ, ಕಟಿಂಗ್ ಶಾಪಿಗೂ ಕೊಡುತ್ತಾರೆ. ಹಾವು ಹಿಡಿಯಲು ಬಂದವರಿಗೆ ಯಾರೂ ಕೊಟ್ಟಿದ್ದು ನಾನು ನೋಡಿಲ್ಲ. ನಾನು ಕೊಡುತ್ತಿದ್ದೇನೆ, ಐದಕ್ಕೆ ನಾಲ್ಕೂವರೆ. ಅರ್ಧ ಯಾಕೆ ಹೋಯಿತು ಅಂತ ಆಮೇಲೆ ಹೇಳುತ್ತೇನೆ. ಅವರ ಹೆಸರು, ನಂಬರ್ ಹಾಕುವುದಿಲ್ಲ, ಬೇಡ ಅಂತ ಅವರೇ ಕೇಳಿಕೊಂಡಿದ್ದಾರೆ. ಈಗಲೇ ಸಿಕ್ಕಾಪಟ್ಟೆ ಫೋನ್ ಬರುತ್ತವಂತೆ, ಅದರಲ್ಲಿ ಅರ್ಧ ಹಾವುರಾಣಿ ನೋಡಿ ಹೆದರಿದವರದ್ದು.

ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಟಾರು ರಸ್ತೆ ಬಿಟ್ಟು ಎರಡು ಕಿಲೋಮೀಟರ್ ಒಳಗೆ. ಮುಂದೆ ಅಡಿಕೆ ತೋಟ, ಹಿಂದೆ ಗುಡ್ಡ, ಪಕ್ಕದಲ್ಲಿ ಕೊಟ್ಟಿಗೆ, ಕೊಟ್ಟಿಗೆಗೆ ಅಂಟಿಕೊಂಡು ಕೋಳಿ ಗೂಡು. ಇಂಥ ಕಡೆ ಹಾವು ಬಂದರೆ ಸುದ್ದಿಯೇ ಅಲ್ಲ. ಕೇರೆ ಹಾವು ಅಂಗಳ ದಾಟಿದರೆ ನಾವು ಕೈಯಲ್ಲಿರುವ ಕಾಫಿ ಲೋಟವನ್ನೂ ಕೆಳಗಿಡುವುದಿಲ್ಲ. ಆದರೆ ಹೆಬ್ಬಾವು ಗೂಡಿನ ಒಳಗೇ ಕೂತಿದ್ದು ಇದೇ ಮೊದಲು.

ದಸರಾ ಕಳೆದ ವಾರ, ಬೆಳಗಿನ ಐದೂವರೆ. ಕೋಳಿಗಳೆಲ್ಲ ಒಟ್ಟಿಗೆ ಕೂಗಿದವು. ಕಾಡುಬೆಕ್ಕು ಬಂತು ಅಂದುಕೊಂಡು ನಮ್ಮ ಮನೆಯವರು ಬ್ಯಾಟರಿ ಹಿಡಿದು ಹೋದರು. ಹೋದವರು ಅಲ್ಲೇ ನಿಂತರು. ಮೂಲೆಯಲ್ಲಿ ಹೆಬ್ಬಾವು ಸುತ್ತಿಕೊಂಡಿತ್ತು, ಅದರ ಬಾಯಲ್ಲಿ ನಮ್ಮ ಕಪ್ಪು ಹೇಂಟೆ, ತಲೆ ಆಗಲೇ ಒಳಗೆ ಹೋಗಿತ್ತು. ದೋಟಿ ತಂದು ಬಿಡಿಸೋಣ ಅಂದರು ಇವರು. ಅತ್ತೆ ಬೇಡ ಅಂದರು. "ಸತ್ತ ಕೋಳಿ ಬಿಡಿಸಿ ಎಂತ ಮಾಡ್ತೀಯ? ಉಣ್ಣೋರನ್ನ ಎಬ್ಬಿಸಬಾರದು." ಹಾಗಾಗಿ ನೋಡುತ್ತಾ ನಿಂತೆವು. ಕೊನೆಗೆ ಎರಡು ಹಳದಿ ಕಾಲು ಮಾತ್ರ ಉಳಿದವು, ಆಮೇಲೆ ಅವೂ ಇಲ್ಲ.

ಮುಗಿಯಿತು ಅಂದುಕೊಂಡೆವು. ಆಗ ಅದು ತಲೆ ಸ್ವಲ್ಪ ಎತ್ತಿತು, ಬಾಯಿ ತೆರೆಯಿತು. ನಿಧಾನ ಅಂದರೆ ನಿಧಾನ. ತೆರೆಯಿತು, ಇನ್ನೂ ತೆರೆಯಿತು, ಇಷ್ಟು ಸಾಕು ಅನಿಸಿದ ಮೇಲೂ ತೆರೆಯಿತು. ಕೆಳದವಡೆಯ ಒಂದು ಭಾಗ ಈ ಕಡೆ, ಇನ್ನೊಂದು ಆ ಕಡೆ ವಾಲಿತು. ಒಳಗೆಲ್ಲ ತೆಳು ಗುಲಾಬಿ ಬಣ್ಣ, ಒದ್ದೆ ಒದ್ದೆ. ಮುಚ್ಚಿತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆರೆಯಿತು.

ಪಕ್ಕದ ಮನೆಯ ಹುಡುಗ ಒಂದು ಚಪ್ಪಲಿ ಅಲ್ಲೇ ಬಿಟ್ಟು ಓಡಿದ. ನಾನು ಜಗಲಿ ಹತ್ತಿದೆ, ಹೇಗೆ ಹತ್ತಿದೆನೋ ಗೊತ್ತಿಲ್ಲ, ನನಗೆ ಮಂಡಿ ನೋವು ಬೇರೆ ಇದೆ. ನಮ್ಮ ಮನೆಯವರು "ಈಗ ನಮ್ಮನ್ನು ನೋಡ್ತಿದೆ" ಅಂದರು. ಅತ್ತೆ ಮಾತ್ರ ನಿಂತಲ್ಲಿಂದ ಕದಲದೆ ಹಾವಿನ ಕಡೆ ಕೈ ಚಾಚಿ ಮೂರು ಸಲ ಚಿಟಿಕೆ ಹೊಡೆದು "ನಾರಾಯಣ" ಅಂದರು. ನಮ್ಮ ಮನೆಯಲ್ಲಿ ಯಾರು ಆಕಳಿಸಿದರೂ ಅವರು ಹೀಗೇ ಮಾಡುವುದು, ಮಗುವಾದರೂ ಸರಿ, ನೆಂಟರಾದರೂ ಸರಿ. ಅದು ಆಕಳಿಕೆ ಅಂತ ಎಂಬತ್ತೆರಡು ವರ್ಷದ ಅವರೊಬ್ಬರಿಗೇ ಗೊತ್ತಾಗಿದ್ದು.

ಓಡುವ ಮೊದಲು ಆ ಹುಡುಗ ಹನ್ನೊಂದು ಸೆಕೆಂಡಿನ ವಿಡಿಯೊ ಮಾಡಿಕೊಂಡಿದ್ದ. ಏಳು ಗಂಟೆಯೊಳಗೆ ಊರಿನ ವಾಟ್ಸಾಪ್ ಗುಂಪಿನಲ್ಲಿ ಬಂತು: "ಮನುಷ್ಯರನ್ನು ನುಂಗಲು ಬಾಯ್ತೆರೆದ ದೈತ್ಯ ಹೆಬ್ಬಾವು". ಮಧ್ಯಾಹ್ನದ ಹೊತ್ತಿಗೆ ಅದರ ಉದ್ದ ಹದಿನೆಂಟು ಅಡಿ ಆಗಿತ್ತು. ಬೆಂಗಳೂರಿನಲ್ಲಿರುವ ಮಗ ಅದೇ ವಿಡಿಯೊ ನೋಡಿ "ಅಮ್ಮ, ನಗ್ತಾ ಇದೆ ಅಲ್ವಾ, ಕ್ಯೂಟ್" ಅಂದ. ಒಂದೇ ಬಾಯಿ. ಒಬ್ಬರಿಗೆ ರಾಕ್ಷಸ, ಒಬ್ಬನಿಗೆ ನಗು.

ಫೋನ್ ಮಾಡುವ ಮೊದಲು ನಾನು ಸ್ವಲ್ಪ ಹಿಂದೆಮುಂದೆ ನೋಡಿದ್ದು ನಿಜ. ಎರಡು ವರ್ಷದ ಹಿಂದೆ ಬಚ್ಚಲು ಮನೆಗೆ ನಾಗರಹಾವು ಬಂದಾಗ ಬೇರೆ ಒಬ್ಬರನ್ನು ಕರೆಸಿದ್ದೆವು. ಅವರು ಹಾವು ಹಿಡಿದ ಮೇಲೆ ಅರ್ಧ ಗಂಟೆ ಅಂಗಳದಲ್ಲಿ ಆಟ ಆಡಿಸಿದರು. ಬಾಲ ಹಿಡಿದು ಎಳೆದು ಹೆಡೆ ಬಿಚ್ಚಿಸುವುದು, ಮಕ್ಕಳನ್ನು ಹತ್ತಿರ ಕರೆದು ಫೋಟೊ ತೆಗೆಸುವುದು. ಎರಡು ಸಾವಿರ ತೆಗೆದುಕೊಂಡು ಹೋದರು. ಹಾವನ್ನು ಎಲ್ಲಿ ಬಿಟ್ಟರೋ ಇವತ್ತಿಗೂ ಗೊತ್ತಿಲ್ಲ. ಆಮೇಲೆ ಎಷ್ಟೋ ದಿನ ನನಗೆ ಹಾವಿನ ಕನಸಿಗಿಂತ ಅವರ ಕನಸೇ ಜಾಸ್ತಿ ಬಿತ್ತು.

ಈ ಸಲ ಬಂದವರಿಗೆ ಮೂವತ್ತೈದು ವಯಸ್ಸಿರಬಹುದು. ಫೋನಿನಲ್ಲೇ ಮೂರು ಪ್ರಶ್ನೆ ಕೇಳಿದರು. ಮೈಮೇಲೆ ಪಟ್ಟೆ ಹೇಗಿದೆ, ಹೊಟ್ಟೆ ಉಬ್ಬಿದೆಯಾ, ಯಾರಾದರೂ ಹತ್ತಿರ ಹೋಗಿದ್ದಾರಾ. ಐವತ್ತು ನಿಮಿಷದಲ್ಲಿ ಬೈಕಿನಲ್ಲಿ ಬಂದರು. ಗಂಬೂಟು, ಕೊಕ್ಕೆ ಕೋಲು, ದಪ್ಪ ಬಟ್ಟೆಯ ಚೀಲ, ಟಾರ್ಚು. ಬಂದವರೇ ಮೊದಲು ಮಾಡಿದ ಕೆಲಸ ಇವರ ಕೈಯಲ್ಲಿದ್ದ ದೋಟಿ ತೆಗೆದು ಗೋಡೆಗೆ ಒರಗಿಸಿದ್ದು. ಆಮೇಲೆ ಗೂಡಿನಿಂದ ಆರೇಳು ಅಡಿ ದೂರದಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು. ಸುಮ್ನೆ ನೋಡುತ್ತಾ ಕೂತರು. ನಾನಂತೂ ಇವರಿಗೆ ಹಿಡಿಯಲು ಬರುವುದಿಲ್ಲವೇನೋ ಅಂದುಕೊಂಡೆ.

ಹಾವು ಅವರೆದುರೇ ಮೂರನೇ ಸಲ ಬಾಯಿ ತೆರೆಯಿತು. "ಎಂತ ಇಲ್ಲ ಅಕ್ಕ. ಊಟ ಆಯ್ತಲ್ಲ, ಬಾಯಿ ಸರಿ ಮಾಡಿಕೊಳ್ತಿದೆ."

ಅವರು ಎರಡು ಕೈ ಜೋಡಿಸಿ ತೋರಿಸಿದರು. ನಮ್ಮ ಕೆಳದವಡೆ ಗಲ್ಲದ ಹತ್ತಿರ ಕೂಡಿಕೊಂಡು ಒಂದೇ ಮೂಳೆ ಆಗಿದೆ. ಹಾವಿಗೆ ಅಲ್ಲಿ ಮೂಳೆ ಕೂಡಿಲ್ಲ, ನಡುವೆ ಹಿಗ್ಗುವ ನಾರು ಇದೆ. ದವಡೆಯೂ ನಮ್ಮ ಹಾಗೆ ತಲೆಬುರುಡೆಗೆ ನೇರವಾಗಿ ಸೇರಿಲ್ಲ, ನಡುವೆ ಇನ್ನೊಂದು ಮೂಳೆ ಕೀಲಿನ ಹಾಗೆ ತೂಗುತ್ತದೆ. ಅದಕ್ಕೇ ಅಷ್ಟು ಅಗಲ ಆಗುವುದು. ದವಡೆ ಕಳಚಿಕೊಳ್ಳುತ್ತದೆ ಅಂತ ಜನ ಹೇಳುತ್ತಾರಲ್ಲ, ಅದು ತಪ್ಪು, ಯಾವುದೂ ಕಳಚುವುದಿಲ್ಲ. ಹಲ್ಲುಗಳೆಲ್ಲ ಹಿಂದಕ್ಕೆ ಬಾಗಿರುತ್ತವೆ. ಅಗಿಯಲು ಅಲ್ಲ, ಹಿಡಿದದ್ದು ಜಾರದಿರಲು. ನುಂಗುವಾಗ ಬಲಗಡೆ ದವಡೆ ಒಂದು ಹೆಜ್ಜೆ, ಎಡಗಡೆ ಒಂದು ಹೆಜ್ಜೆ. ಹಾವು ಕೋಳಿಯನ್ನು ಎಳೆದುಕೊಳ್ಳುವುದಕ್ಕಿಂತ ಕೋಳಿಯ ಮೇಲೆ ಬಾಯಲ್ಲೇ ನಡೆದುಕೊಂಡು ಹೋಗುತ್ತದೆ. ನಡೆದು ಮುಗಿದಾಗ ಎಲ್ಲಾ ಮೂಳೆ, ಸ್ನಾಯು ಅಲ್ಲಲ್ಲಿ ಸರಿದಿರುತ್ತವೆ. ಒಂದೆರಡು ಸಲ ದೊಡ್ಡದಾಗಿ ತೆರೆದು, ವಾಲಿಸಿ, ಮತ್ತೆ ಜಾಗಕ್ಕೆ ಕೂರಿಸಿಕೊಳ್ಳುತ್ತದೆ. ಪಂಕ್ತಿಯಿಂದ ಎದ್ದ ಮೇಲೆ ಸೀರೆ ನೆರಿಗೆ ಸರಿ ಮಾಡಿಕೊಂಡ ಹಾಗೆ, ಅಂತ ನಾನಂದೆ. ಅವರಿಗೆ ಆ ಮಾತು ಹಿಡಿಸಿತು.

ನಾಲ್ಕನೇ ಸಲ ಬಾಯಿ ತೆರೆದಾಗ ಟಾರ್ಚು ಬಿಟ್ಟು ತೋರಿಸಿದರು. ಕೆಳಗೆ ನಾಲಗೆ ಇರುವ ಕಡೆ ಸಣ್ಣ ಕೊಳವೆಯ ಬಾಯಿ ಕಾಣಿಸಿತು. ಉಸಿರಿನ ಕೊಳವೆ ಅದು. ಬಾಯಿ ತುಂಬ ಕೋಳಿ ಇದ್ದಾಗ ಅದನ್ನು ಮುಂದಕ್ಕೆ ಚಾಚಿ ಉಸಿರಾಡುತ್ತದಂತೆ. ಇಷ್ಟು ವರ್ಷ ಕಾಡಿನ ಮಗ್ಗುಲಲ್ಲಿ ಬದುಕಿದ್ದೇನೆ, ಹಾವಿನ ಬಾಯಿ ಒಳಗೆ ನೋಡಿದ್ದು ಅವತ್ತೇ. ಹೆದರಿಕೆ ಎಲ್ಲಿ ಹೋಯಿತೋ, ನಾನು ಜಗಲಿಯಿಂದ ಇಳಿದು ಬಂದಿದ್ದೆ.

ಇನ್ನೊಂದು ಆಯಿತು. ಹಾವು ಆಕಳಿಸಿದ್ದು ನೋಡಿ ನಮ್ಮ ಮನೆಯವರು ಆಕಳಿಸಿದರು. ಅವರನ್ನು ನೋಡಿ ನಾನು. ನನ್ನನ್ನು ನೋಡಿ ಬೇಲಿಯಾಚೆ ನಿಂತಿದ್ದ ಹುಡುಗ. ಅತ್ತೆಗೆ ಚಿಟಿಕೆ ಹೊಡೆದು ಹೊಡೆದು ಸಾಕಾಯಿತು. ಮನುಷ್ಯರ ಆಕಳಿಕೆ ನಾಯಿಗೂ ಅಂಟುತ್ತದಂತೆ. ಆದರೆ ಹಾವಿನದ್ದು ನಿದ್ದೆಯ ಆಕಳಿಕೆ ಅಲ್ಲವೇ ಅಲ್ಲ ಅಂದರು ಹಾವು ಹಿಡಿಯುವವರು. ಅದಕ್ಕೆ ಕಣ್ಣಿನ ರೆಪ್ಪೆಯೇ ಇಲ್ಲ, ನಿದ್ದೆ ಬಂದಿದೆಯೋ ಇಲ್ಲವೋ ನೋಡಿದವರಿಗೆ ಗೊತ್ತಾಗುವುದೂ ಇಲ್ಲ. ಊಟ ಮಾಡದಿದ್ದರೂ ಕೆಲವು ಸಲ ಬಾಯಿ ತೆರೆಯುವುದುಂಟು. ಬಾಯಿಯ ಮೇಲ್ಭಾಗದಲ್ಲಿ ವಾಸನೆ ತಿಳಿಯುವ ಜೇಕಬ್ಸನ್ ಅಂಗ ಇದೆ, ಬಾಯಿ ತೆರೆಯುವುದಕ್ಕೂ ಅದಕ್ಕೂ ಸಂಬಂಧ ಇರಬಹುದು ಅಂತ ಹೇಳುವ ವಿಜ್ಞಾನಿಗಳೂ ಇದ್ದಾರಂತೆ.

ಹಾಗಾದರೆ ಕಚ್ಚಲು ಬಾಯಿ ತೆರೆದದ್ದು ಯಾವುದು, ಆಕಳಿಕೆ ಯಾವುದು? ನಾನು ಇದನ್ನೇ ಕೇಳಿದೆ. ಮೈ ನೋಡಿ ಅಂದರು. ಆಕಳಿಸುವ ಹಾವಿನ ಮೈ ಸಡಿಲವಾಗಿರುತ್ತದೆ, ಮುಖ ಎಲ್ಲಿಗೋ ಇರುತ್ತದೆ, ಸದ್ದು ಇಲ್ಲ, ಮುಗಿದ ಕೂಡಲೇ ಬಾಯಿ ಮುಚ್ಚುತ್ತದೆ. ಹೆದರಿಸುವ ಹಾವು ನಿಮ್ಮ ಕಡೆಗೇ ತಿರುಗಿರುತ್ತದೆ, ಮೈ ಬಿಗಿ ಮಾಡುತ್ತದೆ. ನಮ್ಮ ತೋಟದಲ್ಲಿ ಸಿಗುವ ಹಸಿರು ಹಾವು ಕೆಣಕಿದರೆ ಬಾಯಿ ತೆರೆದುಕೊಂಡು ಹಾಗೇ ನಿಲ್ಲುತ್ತದೆ, ಮೈ ಉಬ್ಬಿಸಿ ಹುರುಪೆಗಳ ನಡುವಿನ ಕಪ್ಪು ಬಿಳಿ ಚರ್ಮ ತೋರಿಸುತ್ತದೆ. ಅದು ಕಣ್ಣಿಗೇ ಕುಕ್ಕುತ್ತದೆ ಅಂತ ನಾವು ಸಣ್ಣವರಿದ್ದಾಗ ಹೆದರಿಸುತ್ತಿದ್ದರು. ಅದೂ ಸುಳ್ಳಂತೆ. ಇನ್ನು ಹಾವು ಪದೇ ಪದೇ ಬಾಯಿ ತೆರೆದು, ತಲೆ ಮೇಲೆತ್ತಿ, ಬಾಯಲ್ಲಿ ಲೋಳೆ ಗುಳ್ಳೆ ಕಂಡರೆ ಅದು ಕಾಯಿಲೆ, ಶ್ವಾಸಕೋಶದ ಸೋಂಕು ಇರಬಹುದು. ಅಂಥದ್ದನ್ನು ಪಶುವೈದ್ಯರ ಹತ್ತಿರ ಒಯ್ಯಬೇಕು.

ಪಕ್ಕದ ಮನೆಯ ಹುಡುಗ ಬಿಡಲಿಲ್ಲ. ಹೆಬ್ಬಾವು ಮನುಷ್ಯನನ್ನು ನುಂಗಿದ್ದು ಮೊಬೈಲಲ್ಲಿ ನೋಡಿದ್ದೇನೆ ಅಂದ. 2017ರಲ್ಲಿ ಇಂಡೊನೇಷ್ಯಾದ ಸುಲಾವೇಸಿಯಲ್ಲಿ ನಡೆದಿದ್ದು ಅದು, ನಿಜವೇ. ಆದರೆ ಅದು ಬೇರೆ ಜಾತಿಯ ಹೆಬ್ಬಾವು, ನಮ್ಮದಕ್ಕಿಂತ ಎಷ್ಟೋ ಉದ್ದ ಬೆಳೆಯುವುದು. ನಮ್ಮ ಗೂಡಿನಲ್ಲಿದ್ದದ್ದು ಎಂಟು ಅಡಿ, ವಿಷ ಇಲ್ಲ, ಒಂದು ಹೇಂಟೆ ತಿಂದು ಏಳಲಾರದೆ ಬಿದ್ದಿತ್ತು.

ಈಗ ಜಗಳಕ್ಕೆ ಬರುತ್ತೇನೆ. ಇಷ್ಟೆಲ್ಲ ಹೇಳಿದ ಮೇಲೆ ಅವರು ಚೀಲ ಮಡಚಿ ಇಟ್ಟರು. ಈಗ ಮುಟ್ಟಿದರೆ ಹೆದರಿ ತಿಂದದ್ದನ್ನೆಲ್ಲ ವಾಂತಿ ಮಾಡುತ್ತದೆ, ಹಾವಿಗೂ ಒಳ್ಳೆಯದಲ್ಲ, ನಿಮ್ಮ ಕೋಳಿಯೂ ದಂಡ. ಉಳಿದ ಕೋಳಿ ಕೊಟ್ಟಿಗೆಗೆ ಹಾಕಿ, ಗೂಡಿನ ಬಾಗಿಲು ತೆರೆದಿಡಿ, ರಾತ್ರಿ ಅದೇ ಹೋಗಬಹುದು, ಹೋಗದಿದ್ದರೆ ನಾಳೆ ಸಂಜೆ ಬರುತ್ತೇನೆ ಅಂದರು. ಬಾಗಿಲೇ ಯಾಕೆ ಅಂದರೆ, ಬಂದ ಕಿಂಡಿಯಲ್ಲಿ ಈಗ ಅದರ ಹೊಟ್ಟೆ ತೂರುವುದಿಲ್ಲ. ನಮ್ಮ ಮನೆಯವರು ಕೆಂಡವಾದರು. "ಹಾವು ಹಿಡಿಯಲು ಕರೆದರೆ ಹಾವಿಗೆ ಬಾಣಂತನ ಮಾಡಿ ಅಂತೀರಲ್ಲ!" ಅವರು ಸಿಟ್ಟಾಗಲಿಲ್ಲ. ಅರಣ್ಯ ರಕ್ಷಕರಿಗೆ ಫೋನ್ ಮಾಡಿದರು, ಅವರೂ ಬಂದು ನೋಡಿ ಅದೇ ಮಾತು ಹೇಳಿದರು. 1972ರ ವನ್ಯಜೀವಿ ಕಾಯ್ದೆಯಲ್ಲಿ ಹೆಬ್ಬಾವು ಇರುವುದು ಮೊದಲ ಪಟ್ಟಿಯಲ್ಲಿ, ಹುಲಿ ಇರುವ ಪಟ್ಟಿಯಲ್ಲೇ. ಅದು ಗೊತ್ತಾದ ಮೇಲೆ ಇವರ ದನಿ ತಗ್ಗಿತು.

ಕಡುಬು ಆಗಿತ್ತು, ಕೂರಿಸಿ ಬಡಿಸಿದೆವು. ಅವತ್ತು ಕೋಳಿ ಸಾರು ಮಾಡಲು ಯಾರಿಗೂ ಮನಸ್ಸಾಗಲಿಲ್ಲ, ಕಾಯಿ ಚಟ್ನಿಯಲ್ಲೇ ನಾಲ್ಕು ತಿಂದರು.

ಹಾವು ಆ ರಾತ್ರಿ ಹೋಗಲಿಲ್ಲ. ಮಾರನೇ ದಿನ ವಿಡಿಯೊ ನೋಡಿದ ನೆಂಟರು, ಅವರ ನೆಂಟರು, ಯಾರೋ ಗೊತ್ತಿಲ್ಲದ ಇಬ್ಬರು ಬೈಕಿನವರು, ಎಲ್ಲರೂ ಬಂದರು. ಎಲ್ಲರಿಗೂ ಬೇಕಾಗಿದ್ದು ಬಾಯಿ ತೆರೆಯುವುದು ಮಾತ್ರ. ಅದು ಒಂದು ಸಲವೂ ತೆರೆಯಲಿಲ್ಲ. ಒಬ್ಬರಂತೂ ಕೋಲಿನಲ್ಲಿ ಚುಚ್ಚಿ ನೋಡೋಣವಾ ಅಂದರು. ಅತ್ತೆ ಅವರಿಗೆ ಹೇಳಿದ್ದನ್ನು ಇಲ್ಲಿ ಬರೆಯಲಾಗುವುದಿಲ್ಲ. ಆ ದಿನ ನಾನು ಮಾಡಿದ ಟೀ ಲೆಕ್ಕ ಇಟ್ಟಿದ್ದರೆ ಇನ್ನೊಂದು ಕೋಳಿ ತರಬಹುದಿತ್ತು.

ಅರ್ಧ ನಕ್ಷತ್ರ ಹೋಗಿದ್ದು ಇಲ್ಲಿ. ಎರಡನೇ ದಿನ ಸಂಜೆ ಬರುತ್ತೇನೆ ಅಂದವರು ಬರಲಿಲ್ಲ, ಫೋನೂ ಸ್ವಿಚ್ ಆಫ್. ಬಂದದ್ದು ಮೂರನೇ ದಿನ ಬೆಳಗ್ಗೆ. ಯಾರದೋ ಮನೆಯ ಅಟ್ಟದಲ್ಲಿ ಕಾಳಿಂಗ ಹತ್ತಿತ್ತಂತೆ. ಕಾರಣ ಒಪ್ಪುವಂಥದ್ದೇ. ಆದರೆ ಹೆಬ್ಬಾವು ಇಟ್ಟುಕೊಂಡು ಕಾಯುವವರಿಗೆ ಒಂದು ಮೆಸೇಜ್ ಹಾಕಬಹುದಿತ್ತು, ಅಲ್ವಾ?

ಹಿಡಿದದ್ದಂತೂ ಐದೇ ನಿಮಿಷ. ಕೊಕ್ಕೆಯಲ್ಲಿ ಮೆಲ್ಲಗೆ ಎತ್ತಿ, ಹೊಟ್ಟೆಗೆ ಕೈ ಆಸರೆ ಕೊಟ್ಟು, ಚೀಲಕ್ಕೆ ಇಳಿಸಿದರು. ಕುತ್ತಿಗೆ ಹಿಸುಕಲಿಲ್ಲ, ಹೆಗಲಿಗೆ ಹಾಕಿಕೊಳ್ಳಲಿಲ್ಲ, ಫೋಟೊಗೆ ನಿಲ್ಲಲಿಲ್ಲ. ಅರಣ್ಯ ರಕ್ಷಕರ ಜೊತೆ ಹೋಗಿ ನಮ್ಮ ಹಿಂದಿನ ಗುಡ್ಡದಲ್ಲೇ ಬಿಟ್ಟರು. ಇಷ್ಟು ಹತ್ತಿರವಾ ಅಂತ ನನಗೂ ಅನಿಸಿತು. ಆಗುಂಬೆಯಲ್ಲಿ 2008ರಲ್ಲಿ ಸಂಶೋಧಕರು ಕಾಳಿಂಗಗಳಿಗೆ ರೇಡಿಯೊ ಟ್ರಾನ್ಸ್‌ಮಿಟರ್ ಇಟ್ಟು ಅವುಗಳ ಓಡಾಟ ನೋಡಿದ್ದರು. ಬೇರೆ ಕಡೆ ಒಯ್ದು ಬಿಟ್ಟ ಹಾವು ಒಂದು ಕಡೆ ನಿಲ್ಲದೆ ಬಹಳ ದೂರ ಅಲೆಯಿತು. ಗೊತ್ತಿಲ್ಲದ ಜಾಗದಲ್ಲಿ ಅಲೆಯುವ ಹಾವೇ ಇನ್ನೊಬ್ಬರ ಮನೆಗೆ ನುಗ್ಗುವುದು ಅಂದರು.

ಮೂರು ದಿನಕ್ಕೆ ಎರಡು ಸಲ ಬಂದರು. ದುಡ್ಡು ಕೇಳಲಿಲ್ಲ. ಪೆಟ್ರೋಲಿಗೆ ಅಂತ ಒತ್ತಾಯ ಮಾಡಿ ಐನೂರು ಕೊಟ್ಟೆವು. ನಿಮ್ಮ ಕಡೆ ಇಂಥವರು ಗೊತ್ತಿಲ್ಲದಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಕಿಂಡಿಗೆ ಅರ್ಧ ಇಂಚಿನ ಜಾಲರಿ ಹೊಡೆಯಿರಿ ಅಂತ ಹೋಗುವಾಗ ಹೇಳಿದ್ದರು. ಜಾಲರಿ ತಂದಾಗಿದೆ, ಜಗಲಿ ಮೇಲೆ ಸುರುಳಿ ಹಾಗೇ ಇದೆ. ಯಾವಾಗ ಹೊಡೀತೀರಿ ಅಂತ ಕೇಳಿದರೆ ನಮ್ಮ ಮನೆಯವರು ದೊಡ್ಡದಾಗಿ ಆಕಳಿಸುತ್ತಾರೆ. ಅತ್ತೆ ಚಿಟಿಕೆ ಹೊಡೆಯುತ್ತಾರೆ.