ಹಳೇ ಎಂಎಂ 540 ಜೀಪಿಗೆ ಶಾಖ, ಸದ್ದಿನ ಲೈನಿಂಗ್: ಮೂರು ಮಳೆಗಾಲ ಆದಮೇಲೆ

ನಮ್ಮ ಜೀಪಿಗೆ ಮೊದಲು ಇನ್ಸುಲೇಷನ್ ಹಾಕಿದ್ದು ನಾನಲ್ಲ, ಅಮ್ಮ. ಏಪ್ರಿಲ್ ತಿಂಗಳಲ್ಲಿ ಮೈಸೂರಿಗೆ ಹೊರಟೆವು ಅಂದರೆ ಒಂದು ಗೋಣಿಚೀಲವನ್ನು ನೀರಲ್ಲಿ ಅದ್ದಿ, ಹಿಂಡಿ, ಗೇರ್ ಟನಲ್ (ಎರಡು ಸೀಟಿನ ನಡುವೆ ಗೇರ್‌ಬಾಕ್ಸನ್ನು ಮುಚ್ಚುವ ತಗಡಿನ ಉಬ್ಬು) ಮೇಲೆ ಹಾಸುತ್ತಿದ್ದರು. ಪಿರಿಯಾಪಟ್ಟಣ ಬರುವಷ್ಟರಲ್ಲಿ ಅದು ಒಣಗಿ ಹಪ್ಪಳ. ಹುಣಸೂರಿನಲ್ಲಿ ಟೀಗೆ ನಿಲ್ಲಿಸಿದಾಗ ಮತ್ತೆ ನೀರು. ಹಾಗೆ ಮಾಡದಿದ್ದರೆ ಅವರ ಬಲಗಾಲು, ನನ್ನ ಎಡಗಾಲು ಎರಡೂ ಬೆಂದುಹೋಗುತ್ತಿದ್ದವು. ಇನ್ನು ಮಾತುಕತೆ ಅನ್ನುವುದು ಇಲ್ಲವೇ ಇಲ್ಲ. ಏನಾದರೂ ಹೇಳಬೇಕಿದ್ದರೂ ಹುಣಸೂರು ಬರಬೇಕು.

ಗಾಡಿ 1991ರ ಮಹೀಂದ್ರಾ ಎಂಎಂ 540. ಕೊಡಗಿನ ಸಿದ್ದಾಪುರದ ಹತ್ತಿರ ನಮ್ಮ ತೋಟ. ಅಪ್ಪ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಗೊಬ್ಬರ, ಕಾಫಿ ಚೀಲ, ಸಿಲ್ವರ್ ಓಕ್ ದಿಮ್ಮಿ, ಮದುವೆಗೆ ಹೊರಟ ನೆಂಟರು, ಎಲ್ಲವನ್ನೂ ಹೊತ್ತಿದೆ. 2021ರಲ್ಲಿ ಬಾಡಿ ಪೂರ್ತಿ ಬಿಚ್ಚಿ ಟಿಂಕರಿಂಗ್, ಪೇಂಟಿಂಗ್ ಮಾಡಿಸಿದೆವು. ಎಂಜಿನ್ ಮಾತ್ರ ಹಳೆಯದೇ, 2,112 ಸಿಸಿಯ ಪ್ಯೂಜೋ ಎಕ್ಸ್‌ಡಿಪಿ 4.90 ಡೀಸೆಲ್. ಮೇಲೆ ಕ್ಯಾನ್ವಾಸ್ ಹುಡ್. ಹೊಸ ಪೇಂಟಲ್ಲಿ ನೋಡೋಕೆ ಮದುಮಗನ ಹಾಗಿತ್ತು. ಸ್ಟಾರ್ಟ್ ಮಾಡಿದರೆ ಅದೇ ಹಳೇ ಹಿಟ್ಟಿನ ಗಿರಣಿ.

ಗಾಡಿಯನ್ನು ಬೈಯುವ ಹಾಗೂ ಇಲ್ಲ. ಇದು ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನ ವಂಶದ್ದು. ಮಹೀಂದ್ರಾದವರು ಅದನ್ನು ಇಲ್ಲಿ ಜೋಡಿಸಲು ಶುರು ಮಾಡಿದ್ದು 1947ರಲ್ಲಿ. ಸಿಪಾಯಿಗಳಿಗೆ ಅಂತ ಮಾಡಿದ ಗಾಡಿಯಲ್ಲಿ ಕೂತವರ ಕಿವಿ ಬಗ್ಗೆ ಯಾರು ಯೋಚಿಸ್ತಾರೆ? ಒಂದೇ ಪದರ ತಗಡು. ಈಚೆ ನಿಮ್ಮ ಕಾಲು, ಆಚೆ ಗೇರ್‌ಬಾಕ್ಸು.

ಮೊದಲ ಸಲ ನಾನು ಕೆಡಿಸಿಕೊಂಡ ಕಥೆಯನ್ನು ಮೊದಲು ಹೇಳಿಬಿಡ್ತೇನೆ. ಬೆಂಗಳೂರಿನ ಒಂದು ಅಂಗಡಿಯಲ್ಲಿ ಬ್ಯೂಟೈಲ್ ಶೀಟ್ (ತಗಡು ಅದುರದ ಹಾಗೆ ಅಂಟಿಸುವ ರಬ್ಬರ್ ಹಾಳೆ) ಅಂತ ಹೇಳಿ ಒಂದು ಕಟ್ಟು ಕೊಟ್ಟರು. ರೇಟು ಬೇರೆ ಕಡೆಗಿಂತ ಅರ್ಧ. ಹಿಂದಿನ ಕಾಗದ ಕಿತ್ತ ಕೂಡಲೇ ರಸ್ತೆಗೆ ಟಾರು ಹಾಕುವಾಗ ಬರುತ್ತಲ್ಲ, ಆ ವಾಸನೆ. ಅಲ್ಲೇ ನನಗೆ ಗೊತ್ತಾಗಬೇಕಿತ್ತು. ಅದು ಬ್ಯೂಟೈಲ್ ರಬ್ಬರ್ ಅಲ್ಲ, ಡಾಂಬರು. ಜೊತೆಗೆ ಶಾಖಕ್ಕೆ ಅಂತ ದಪ್ಪ ಫೆಲ್ಟ್, ಅದರ ಮೇಲೆ ಚೆಂದಕ್ಕೆ ಕಾರ್ಪೆಟ್.

ಕೆಲಸ ಹಿಡಿದದ್ದು ಆಗಸ್ಟ್ ಮೊದಲ ವಾರ.

"ಕಕ್ಕಡದಲ್ಲಿ ಯಾರಾದ್ರೂ ಹೊಸ ಕೆಲಸ ಹಿಡೀತಾರಾ?" ಅಂದರು ಅಪ್ಪ. ನಮ್ಮ ಕಡೆ ಕಕ್ಕಡದಲ್ಲಿ ಮದುವೆ ಇಲ್ಲ, ಶುಭಕಾರ್ಯ ಇಲ್ಲ. ಮದ್ದು ಸೊಪ್ಪಿನ ಪಾಯಸ ತಿಂದುಕೊಂಡು ಬೆಚ್ಚಗೆ ಇರುವ ತಿಂಗಳು. ನಾನು ನಕ್ಕು ಸುಮ್ಮನಾದೆ. ಆದರೆ ಅವರು ಹೇಳಿದ್ದರಲ್ಲಿ ಶಾಸ್ತ್ರಕ್ಕಿಂತ ಜಾಸ್ತಿ ವಿಷಯ ಇತ್ತು. ಹೊರಗೆ ಎಡೆಬಿಡದ ಮಳೆ, ಶೆಡ್ಡಿನೊಳಗೆ ತಗಡು ಮುಟ್ಟಿದರೆ ಬೆವರು. ಎಷ್ಟು ಒರೆಸಿದರೂ ಐದು ನಿಮಿಷಕ್ಕೆ ಮತ್ತೆ ತೇವ. ನಾನು ಹಾಕಿದ ಶೀಟು ತಗಡಿಗೆ ಅಂಟಲಿಲ್ಲ, ತೇವಕ್ಕೆ ಅಂಟಿತು.

ಮಾರ್ಚ್‌ನಲ್ಲಿ ಮೈಸೂರಿಗೆ ಹೋಗುವಾಗ ಫೈರ್‌ವಾಲಿನ (ಎಂಜಿನ್‌ಗೂ ನಮಗೂ ನಡುವಿನ ತಗಡಿನ ಗೋಡೆ) ಶೀಟ್ ಬಿಸಿಗೆ ಮೆತ್ತಗಾಗಿ, ಜಾರಿ, ಕ್ಲಚ್ ಪೆಡಲ್ ಮೇಲೆ ದೋಸೆ ಮಡಚಿದ ಹಾಗೆ ಬಿತ್ತು. ಮನೆಗೆ ಬಂದು ಕಾರ್ಪೆಟ್ ಎತ್ತಿದೆ. ಮೇಲೆ ಒಣಗಿತ್ತು. ಕೆಳಗಿನ ಫೆಲ್ಟ್ ಹಿಂಡಿದರೆ ಕಾಫಿ ಬಣ್ಣದ ನೀರು. ಒಂದು ಮೂಲೆಯಲ್ಲಿ ಇಲಿ ಫೆಲ್ಟನ್ನೇ ಕಡಿದು ಹಾಸಿಗೆ ಮಾಡಿಕೊಂಡಿತ್ತು. ಹೊಸ ತಗಡು ಹಳೇ ತಗಡಿಗೆ ಸೇರುವ ವೆಲ್ಡಿಂಗ್ ಸಾಲಿನ ಮೇಲೆ ಪೇಂಟು ಗುಳ್ಳೆ ಎದ್ದಿತ್ತು. ಸ್ಕ್ರೂಡ್ರೈವರ್ ತುದಿ ಇಟ್ಟು ಮೆಲ್ಲಗೆ ಒತ್ತಿದೆ. ಹೋಯಿತು. ತೂತಿನಿಂದ ಶೆಡ್ಡಿನ ನೆಲ ಕಾಣಿಸಿತು. ರಿಪೇರಿಗೆ ಕೊಟ್ಟ ದುಡ್ಡು ನೆನಪಾಗಿ ಸ್ವಲ್ಪ ಹೊತ್ತು ಅಲ್ಲೇ ಕೂತೆ.

ಆಮೇಲೆ ಎಲ್ಲ ಕಿತ್ತು, ತುಕ್ಕು ಉಜ್ಜಿ, ಪ್ರೈಮರ್, ಸೀಮ್ ಸೀಲರ್, ಪೇಂಟ್ ಎಲ್ಲ ಮುಗಿಸಿ, 2022ರ ಏಪ್ರಿಲ್‌ನಲ್ಲಿ ಬಿಸಿಲಿಗೆ ನಿಲ್ಲಿಸಿ ಎರಡನೇ ಸಲ ಮಾಡಿದ್ದು. ಈ ವಿಮರ್ಶೆ ಅದರದ್ದು.

ಈ ಸಲ ಶೀಟ್ ತರುವ ಮೊದಲು ಒಂದು ಸಣ್ಣ ತುಂಡು ಕೇಳಿ ತಂದು ಎರಡು ದಿನ ಬಿಸಿಲಲ್ಲಿ ತಗಡಿನ ಮೇಲೆ ನೇತುಹಾಕಿದೆ. ಜಾರಲಿಲ್ಲ, ವಾಸನೆ ಇಲ್ಲ, ಎಳೆದರೆ ಚ್ಯೂಯಿಂಗ್ ಗಮ್ ಹಾಗೆ ಎಳೆ ಬರುತ್ತದೆ. ಡೈನಾಮ್ಯಾಟ್ ಹೆಸರು ಎಲ್ಲರೂ ಕೇಳಿರ್ತೀರಿ, ಅದೂ ಇದೇ ಜಾತಿ: ಕೆಳಗೆ ಬ್ಯೂಟೈಲ್, ಮೇಲೆ ಅಲ್ಯೂಮಿನಿಯಂ ಹಾಳೆ. ನಾನು ಹಾಕಿದ್ದು ಅದಲ್ಲ, ಅದರ ಅರ್ಧ ಬೆಲೆಯ 2 ಮಿ.ಮೀ. ಶೀಟು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಯಾಕೆಂದರೆ ಅಂಗಡಿಯವರು ಹೇಳುವುದಿಲ್ಲ. ಬ್ಯೂಟೈಲ್ ಶೀಟ್ ಶಾಖ ತಡೆಯುವ ಸಾಮಾನಲ್ಲ. ಅದರ ಕೆಲಸ ತಗಡು ಅದುರದ ಹಾಗೆ ಹಿಡಿಯುವುದು, ಅಷ್ಟೇ. ಬಾಗಿಲಿಗೆ ಬೆರಳ ಗೆಣ್ಣಿಂದ ಬಡಿಯಿರಿ. ಶೀಟ್ ಇಲ್ಲದಿದ್ದರೆ 'ಟಣ್', ಇದ್ದರೆ 'ಡಬ್'. ಇದಕ್ಕೆ ತಗಡು ಪೂರ್ತಿ ಮುಚ್ಚಬೇಕಾಗಿಯೂ ಇಲ್ಲ. ಅದುರುವ ನಡುಭಾಗದಲ್ಲಿ ಕಾಲು ಭಾಗದಿಂದ ಅರ್ಧ ಭಾಗ ಹಾಕಿದರೆ ಹೆಚ್ಚಿನ ಲಾಭ ಬಂದಾಯಿತು. ನಾನು ಉತ್ಸಾಹದಲ್ಲಿ ಮೂಲೆ ಮೂಲೆಗೂ ಅಂಟಿಸಿದೆ. ಚದರ ಮೀಟರಿಗೆ ಸುಮಾರು 3 ಕೆ.ಜಿ. ತೂಕ. ಸುಮ್ನೆ ಆರೇಳು ಕೆ.ಜಿ. ಜಾಸ್ತಿ ಹೊರಿಸಿದ ಹಾಗಾಯಿತು.

ಶಾಖಕ್ಕೆ ಬೇಕಾದ್ದು ಅದರ ಮೇಲಿನ ಫೋಮ್. ಎ.ಸಿ. ಪೈಪಿಗೆ ಸುತ್ತುತ್ತಾರಲ್ಲ, ಕಪ್ಪು ನೈಟ್ರೈಲ್ ಫೋಮ್, ಅದೇ ಹಾಳೆಯಾಗಿ ಸಿಗುತ್ತದೆ. 10 ಮಿ.ಮೀ. ತಂದೆ. ಇದರ ಗುಳ್ಳೆಗಳು ಒಂದಕ್ಕೊಂದು ಮುಚ್ಚಿಕೊಂಡಿರುವುದರಿಂದ ನೀರು ಕುಡಿಯುವುದಿಲ್ಲ. ಒಂದು ತುಂಡನ್ನು ರಾತ್ರಿಯಿಡೀ ಬಕೆಟ್‌ನಲ್ಲಿ ಕಲ್ಲು ಹೇರಿ ಮುಳುಗಿಸಿಟ್ಟು ನೋಡಿದೆ. ಬೆಳಿಗ್ಗೆ ಒರೆಸಿದರೆ ಒಣಗಿದ್ದೇ. ಸೀಟಿನ ಸ್ಪಂಜ್, ಫೆಲ್ಟ್ ಇವೆಲ್ಲ ಕೊಡಗಿನ ಗಾಡಿಗೆ ಬೇಡವೇ ಬೇಡ.

ಮೂರನೆಯದು ಟನಲ್ಲಿನ ಕೆಳಗೆ, ಸೈಲೆನ್ಸರ್ ಪೈಪ್ ಹಾದುಹೋಗುವ ಕಡೆ, ಅಲ್ಯೂಮಿನಿಯಂ ಶೀಲ್ಡ್. ಹೊಳೆಯುವ ಹಾಳೆ ಕಾವನ್ನು ವಾಪಸ್ ಕಳಿಸಬೇಕಾದರೆ ಅದರ ಮುಂದೆ ಗಾಳಿ ಇರಬೇಕು. ಎರಡು ಪದರಗಳ ನಡುವೆ ಅಮುಕಿ ಅಂಟಿಸಿದರೆ ಅದು ಬರೀ ಲೋಹದ ಹಾಳೆ, ಕಾವನ್ನು ದಾಟಿಸಿಬಿಡುತ್ತದೆ. ಹಾಗಾಗಿ ಬೋಲ್ಟಿಗೆ ಮೂರು ನಾಲ್ಕು ವಾಷರ್ ಕೊಟ್ಟು ತಗಡಿಗೂ ಶೀಲ್ಡಿಗೂ ಒಂದು ಬೆರಳು ಸಂದು ಬಿಟ್ಟೆವು.

ಇಷ್ಟೆಲ್ಲ ಮಾಡಿ ಓಡಿಸಿದರೆ, ನಿಜ ಹೇಳ್ತೇನೆ, ಸದ್ದು ಅಂದುಕೊಂಡಷ್ಟು ಕಡಿಮೆ ಆಗಿರಲಿಲ್ಲ. ನಾನು ಇನ್ನೊಂದು ಪದರ ಶೀಟ್ ತರಲು ಹೊರಟಿದ್ದೆ. ಅಪ್ಪ ತಡೆದರು. ರಾತ್ರಿ ಶೆಡ್ಡಿನ ದೀಪ ಆರಿಸಿ, ಬಾನೆಟ್ ಎತ್ತಿ, ಎಂಜಿನ್ ಕಡೆಯಿಂದ ಟಾರ್ಚ್ ಬಿಟ್ಟರು. ಆಮೇಲೆ ಗಾಡಿಯ ಕೆಳಗೆ ತೆವಳಿ ಅಲ್ಲಿಂದಲೂ ಬಿಟ್ಟರು. ನಾನು ಒಳಗೆ ಕೂತು ಬೆಳಕು ಬಂದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಹದಿನೇಳು ಗುರುತು. ಸ್ಟಿಯರಿಂಗ್ ರಾಡ್ ಸುತ್ತ ಒಂದು, ಯಾವ ಕಾಲದ್ದೋ ವೈರಿಂಗ್ ತೂತುಗಳು, ಪೆಡಲ್‌ಗಳ ಸಂದು, ಫೋರ್ ವೀಲ್ ಲಿವರಿನ ಬುಡದಲ್ಲಿ ರಬ್ಬರ್ ಬೂಟು ಹರಿದು ಎರಡು ಬೆರಳು ತೂರುವಷ್ಟು ಬಾಯಿ.

"ಇದ್ರಲ್ಲಿ ಅನ್ನ ಬಸೀಬಹುದು ಬಿಡು," ಅಂದರು ಕೆಳಗಿನಿಂದ.

ಗೋಡೆ ಎಷ್ಟೇ ದಪ್ಪ ಇರಲಿ, ನೂರರಲ್ಲಿ ಒಂದು ಪಾಲು ತೂತು ಇದ್ದರೆ 20 ಡೆಸಿಬಲ್‌ಗಿಂತ ಜಾಸ್ತಿ ತಡೆಯಲು ಆಗುವುದಿಲ್ಲ ಅನ್ನುವುದು ಸದ್ದಿನ ಲೆಕ್ಕ. ಬಿಸಿ ಗಾಳಿಯೂ ಅದೇ ತೂತಿನಿಂದ ಬರುತ್ತದೆ. ಹೊಸ ಗ್ರೋಮೆಟ್ (ತೂತಿಗೆ ಕೂರಿಸುವ ರಬ್ಬರ್ ಬಳೆ), ಎರಡು ಲಿವರ್ ಬೂಟು, ಒಂದು ಟ್ಯೂಬ್ ಸೀಲರ್, ಸ್ವಲ್ಪ ಬೀಡಿಂಗ್. ಎಲ್ಲ ಸೇರಿ 1,400 ರೂಪಾಯಿ. ಒಟ್ಟು ಖರ್ಚು 27 ಸಾವಿರ ಆಯಿತು, ಕೂಲಿ ಸೇರಿ, ಮೊದಲ ಸಲ ದಂಡವಾದದ್ದು ಬಿಟ್ಟು. ಅದರಲ್ಲಿ ಕಿವಿಗೆ ಎದ್ದು ಕಂಡ ವ್ಯತ್ಯಾಸ ಈ 1,400 ರೂಪಾಯಿಯದ್ದು. ನೀವು ಶುರು ಮಾಡುವುದಾದರೆ ಇಲ್ಲಿಂದಲೇ ಶುರು ಮಾಡಿ, ಶೀಟ್ ಆಮೇಲೆ ತರಬಹುದು.

ಅಳತೆ ಕೇಳುವವರಿಗೆ: ಸೈಡ್ ಪರದೆ ಹಾಕಿ 60 ಕಿ.ಮೀ. ವೇಗದಲ್ಲಿ ಫೋನಿನ ಆ್ಯಪ್ ಮೊದಲು 89 ಡೆಸಿಬಲ್ ತೋರಿಸುತ್ತಿತ್ತು, ಈಗ 82. ಫೋನ್ ಅಷ್ಟು ಕರಾರುವಾಕ್ ಅಲ್ಲ, ಆದರೆ ಅದೇ ಫೋನ್, ಅದೇ ರಸ್ತೆ, ಅದೇ ಜಾಗ. 3 ಡೆಸಿಬಲ್ ಇಳಿದರೆ ಸದ್ದಿನ ಶಕ್ತಿ ಅರ್ಧ, ಆದರೆ ಕಿವಿಗೆ ಅರ್ಧ ಅನ್ನಿಸಬೇಕಾದರೆ ಸುಮಾರು 10 ಇಳಿಯಬೇಕು. ನಮ್ಮದು ಅಷ್ಟಾಗಿಲ್ಲ. ಪಕ್ಕದಲ್ಲಿ ಕೂತವರ ಜೊತೆ ಸ್ವಲ್ಪ ಗಟ್ಟಿ ದನಿಯಲ್ಲಿ ಮಾತಾಡಬಹುದು, ಕಿರುಚಬೇಕಾಗಿಲ್ಲ.

ಶಾಖದ್ದು ಇನ್ನೂ ಚೆನ್ನಾಗಿದೆ. ಸಂಪಾಜೆ ಘಾಟಿ ಹತ್ತಿ ಮಡಿಕೇರಿ ತಲುಪಿದ ಕೂಡಲೇ ಟನಲ್ ಮೇಲೆ ಮೊದಲು 68 ಡಿಗ್ರಿ ಇರುತ್ತಿತ್ತು, ಈಗ ಫೋಮಿನ ಮೇಲೆ 43. ಸ್ನೇಹಿತರೊಬ್ಬರ ಥರ್ಮಾಮೀಟರ್ ಗನ್ನಿನಲ್ಲಿ ನೋಡಿದ್ದು. ಹೊಳೆಯುವ ಅಲ್ಯೂಮಿನಿಯಂ ಮೇಲೆ ಆ ಗನ್ ಸುಳ್ಳು ಹೇಳುತ್ತದೆ, ಕಡಿಮೆ ತೋರಿಸುತ್ತದೆ. ಕಪ್ಪು ಟೇಪ್ ಒಂದು ತುಂಡು ಅಂಟಿಸಿ ಅದರ ಮೇಲೆ ನೋಡಬೇಕು. ಹೀಟ್ ಶೀಟ್ ಮಾರುವವರ ವಿಡಿಯೋ ನೋಡುವಾಗ ಇದು ನೆನಪಿರಲಿ.

ಏನು ಸರಿ ಹೋಗಲಿಲ್ಲ? ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಗೊಂಯ್ ಅನ್ನುವ ರಾಗ ಇದ್ದೇ ಇದೆ. ಮಡ್ ಟೈರಿನದ್ದೂ ಹಾಗೇ. 60 ದಾಟಿದರೆ ಕ್ಯಾನ್ವಾಸ್ ಪಟಪಟ ಅನ್ನುವುದು ಉಳಿದದ್ದನ್ನೆಲ್ಲ ಮುಚ್ಚಿಹಾಕುತ್ತದೆ. ಹಾರ್ಡ್ ಟಾಪ್ ಇರುವವರಿಗೆ ಇದೇ ಖರ್ಚಿಗೆ ಲಾಭ ಜಾಸ್ತಿ ಸಿಗಬಹುದು. ಸದ್ದು ಕಡಿಮೆಯಾದ ಮೇಲೆ ಇನ್ನೊಂದು ಸದ್ದು ಕೇಳತೊಡಗಿತು, ಗೇರ್ ಬದಲಿಸುವಾಗ ಕೆಳಗಿನಿಂದ ಒಂದು 'ಟಕ್'. ಹಿಂದಿನ ಚಕ್ರ ತಿರುಗಿಸುವ ಪ್ರೊಪೆಲ್ಲರ್ ಶಾಫ್ಟಿನ ಕೀಲು, ಕ್ರಾಸ್ ಅಂತಾರಲ್ಲ, ಅದು ಸವೆದಿತ್ತು. ಎಷ್ಟು ತಿಂಗಳಿಂದ ಹಾಗೇ ಓಡಿಸುತ್ತಿದ್ದೆವೋ.

ಅಪ್ಪನ ತಕರಾರು ಬೇರೆ. ನಮ್ಮ ಗಾಡಿಯಲ್ಲಿ ಆರ್‌ಪಿಎಂ ಮೀಟರ್ ಇಲ್ಲ, ಅವರು ಕಿವಿಯಲ್ಲೇ ಗೇರ್ ಬದಲಿಸುವವರು. "ಎಂಜಿನ್ ಏನ್ ಹೇಳ್ತಿದೆ ಅಂತಾನೇ ಗೊತ್ತಾಗಲ್ಲ" ಅಂತ ಒಂದು ತಿಂಗಳು ಗೊಣಗಿದರು. ಇನ್ನೊಂದು, ಮಾಲ್ದಾರೆ ಕಡೆಯ ರಸ್ತೆಯಲ್ಲಿ ಸಂಜೆ ಆನೆ ಇರುತ್ತದೆ. ಕೊಂಬೆ ಮುರಿಯುವ ಸದ್ದು ಕೇಳಿಸಬೇಕು ಅಂತ ಅವರು ಎಷ್ಟೇ ಚಳಿ ಇದ್ದರೂ ತಮ್ಮ ಕಡೆಯ ಪರದೆ ಹಾಕುವುದಿಲ್ಲ. ಅದರಲ್ಲಿ ಅವರದೇ ಸರಿ.

ಸೈಲೆನ್ಸರ್ ಪೈಪಿಗೆ ಸುತ್ತುವ ಪಟ್ಟಿ ಇದೆಯಲ್ಲ, ಎಕ್ಸಾಸ್ಟ್ ವ್ರ್ಯಾಪ್, ಅದನ್ನೂ ಹಾಕಿಸಿದ್ದೆ. ಬಿಸಿಲು ಸೀಮೆಯವರಿಗೆ ಸರಿ ಇರಬಹುದು. ಇಲ್ಲಿ ಅದು ಮಳೆ ನೀರು ಹಿಡಿದುಕೊಂಡು ಪೈಪಿಗೆ ಒದ್ದೆ ಬಟ್ಟೆ ಸುತ್ತಿದ ಹಾಗೆ. ಎರಡನೇ ಮಳೆಗಾಲ ಮುಗಿಯುವಷ್ಟರಲ್ಲಿ ಪೈಪು ಪಟ್ಟಿಯೊಳಗೇ ಕೊಳೆತು ತೂತು ಬಿತ್ತು. ಬಿಚ್ಚಿ ಎಸೆದೆ. ಮತ್ತೆ, ಫೋಮ್ ಯಾವುದೇ ಇರಲಿ, ಪೈಪಿನ ಹತ್ತಿರ ಬೇಡ, ಬೆಂಕಿಯ ಮಾತು. ಸೀಟಿನ ಹಿಂದೆ ಒಂದು ಸಣ್ಣ ಫೈರ್ ಎಕ್ಸ್‌ಟಿಂಗ್ವಿಷರ್ ಇಟ್ಟಿದ್ದೇವೆ.

ಇನ್ನು ನೆಲದ ವಿಷಯ, ಕೊಡಗಿನವರು ಗಮನಿಸಬೇಕಾದ್ದು ಇದೇ. ಫೈರ್‌ವಾಲಿಗೆ, ಟನಲ್ಲಿನ ಪಕ್ಕಕ್ಕೆ ಫೋಮ್ ಅಂಟಿಸಿದ್ದೇನೆ, ಮೂರು ಮಳೆಗಾಲದಲ್ಲಿ ಒಂದು ಕಡೆಯೂ ಎದ್ದಿಲ್ಲ. ನೆಲಕ್ಕೆ ಮಾತ್ರ ಅಂಟಿಸಿಲ್ಲ. ಫೋಮ್ ನೀರು ಕುಡಿಯದಿದ್ದರೂ ಅಂಚಿನಿಂದ ನೀರು ಕೆಳಗೆ ನುಸುಳುತ್ತದೆ. ನುಸುಳಿದ ನೀರಿಗೆ ಹೊರಗೆ ಹೋಗಲು ದಾರಿ ಇರುವುದಿಲ್ಲ. ಗದ್ದೆ ಕೆಸರಿನ ಬೂಟು, ಒದ್ದೆ ಛತ್ರಿ, ಹುಡ್ಡಿನ ಹೊಲಿಗೆಯಿಂದ ಸೋರಿದ್ದು, ಎಲ್ಲ ಬಂದು ಸೇರುವುದು ಅಲ್ಲೇ. ಹಾಗಾಗಿ ನೆಲದ ಫೋಮನ್ನು ಎರಡು ತುಂಡು ಮಾಡಿ, ಮೇಲೆ ರಬ್ಬರ್ ಮ್ಯಾಟ್ ಹಾಕಿ, ಬರೀ ಹಾಸಿಟ್ಟಿದ್ದೇನೆ. ಮೂಲೆಯ ಡ್ರೈನ್ ತೂತುಗಳ ಮೇಲೆ ಶೀಟ್ ಬಂದಿಲ್ಲ. ಜೂನ್ ಬಂತೆಂದರೆ ಎರಡೂ ತುಂಡು ಹೊರಗೆ. ಹೇಗೂ ಆಗ ಶಾಖದ ಚಿಂತೆ ಇಲ್ಲ, ಕಾಲಿಗೆ ಗೇರ್‌ಬಾಕ್ಸಿನ ಬಿಸಿ ಸಿಕ್ಕರೆ ಹಿತವೇ. ನಮ್ಮ ಸುಗ್ಗಿ ಹಬ್ಬ ಪುತ್ತರಿ ಕಳೆದು ಕಾಫಿ ಕೊಯ್ಲು ಶುರುವಾಗುವ ಹೊತ್ತಿಗೆ ವಾಪಸ್ ಹಾಕುತ್ತೇನೆ.

ಈಗ ನಾಲ್ಕನೇ ಮಳೆಗಾಲ ಶುರುವಾಗಿದೆ. ಫೋಮ್ ಅಟ್ಟದ ಮೇಲಿದೆ. ನಿನ್ನೆ ನೋಡಿದರೆ ಅಮ್ಮ ಮತ್ತೆ ಒಂದು ಗೋಣಿಚೀಲ ತಂದು ಜೀಪಿನಲ್ಲಿ ಹಾಸಿದ್ದಾರೆ. ಈ ಸಲ ಒಣಗಿದ್ದು, ಕಾಲು ಒರೆಸೋಕೆ.