ಗ್ರೂಪ್ ವಾಕಿಂಗ್ ಆ್ಯಪ್: ರ‍್ಯಾಂಕ್ ಪಟ್ಟಿ ಆಫ್ ಮಾಡಿದ್ಮೇಲೇನೇ ಮಕ್ಕಳು ನಡೆದಿದ್ದು

ಮೂರನೇ ದಿನಾನೇ ಅಕ್ಕನ ಮಗನ ಹೆಸರಿನ ಮುಂದೆ 18 ಸಾವಿರ ಹೆಜ್ಜೆ. ಬೆಳಗ್ಗಿಂದ ಸೋಫಾ ಬಿಟ್ಟು ಎದ್ದಿರ್ಲಿಲ್ಲ ಆಸಾಮಿ. ಹೋಗಿ ನೋಡಿದ್ರೆ ಫೋನನ್ನ ಸಾಕ್ಸ್ ಒಳಗೆ ಹಾಕಿ ಒಂದು ಕೈಯಲ್ಲಿ ತೂಗ್ತಾ ಕೂತಿದ್ದಾನೆ, ಕಣ್ಣು ಟಿವಿ ಮೇಲೆ. "ಹೆಜ್ಜೆ ತಾನೇ ಬೇಕಿದ್ದಿದ್ದು ಚಿಕ್ಕಮ್ಮ, ತಗೊಳ್ಳಿ" ಅಂದ. ಬೈಯೋಕೆ ಹೋಗಿ ನಗು ಬಂತು. ಫೋನ್ ಒಳಗಿರೋ ಸೆನ್ಸಾರ್ ಅಲುಗಾಟ ಎಣಿಸುತ್ತೆ ಅಷ್ಟೆ, ಅಲುಗಿದ್ದು ಕಾಲಾ ಸಾಕ್ಸಾ ಅಂತ ಅದಕ್ಕೇನು ಗೊತ್ತು.

ಎಂಟು ವಾರ ಈ ಆ್ಯಪ್ ಬಳಸಿದ್ವಿ, ಆರು ಜನ ಮಕ್ಕಳು, ಎಲ್ಲಾ 13ರಿಂದ 16 ವಯಸ್ಸು, ನನ್ನ ಮಗಳು, ಅಕ್ಕನ ಮಕ್ಕಳಿಬ್ರು, ಮಗಳ ಫ್ರೆಂಡ್ಸ್ ಮೂವರು. ಹೆಸರು ಹೇಳಲ್ಲ, ಇಂಥ ಆ್ಯಪ್‌ಗಳೆಲ್ಲಾ ಹೆಚ್ಚುಕಮ್ಮಿ ಒಂದೇ ಥರ ಇರ್ತವೆ.

ದೊಡ್ಡ ತಪ್ಪು ಅಂದ್ರೆ ಇನ್‌ಸ್ಟಾಲ್ ಮಾಡಿದ ತಕ್ಷಣ ಬರೋ ಸೆಟ್ಟಿಂಗ್. ಎಲ್ರಿಗೂ ದಿನಕ್ಕೆ 10 ಸಾವಿರ ಟಾರ್ಗೆಟ್, ಯಾರು ಫಸ್ಟ್ ಯಾರು ಲಾಸ್ಟ್ ಅಂತ ಪಟ್ಟಿ, ಅದರ ಮೇಲೆ ರಾತ್ರಿ 11ಕ್ಕೆ "ನಿಮ್ಮ ಫ್ರೆಂಡ್ ನಿಮ್ಮನ್ನ ಹಿಂದೆ ಹಾಕಿದ್ರು" ಅಂತ ನೋಟಿಫಿಕೇಶನ್ ಬೇರೆ. ಮಗಳ ಫ್ರೆಂಡ್ ಒಬ್ಬಳು ದಿನಾ ನಾಲ್ಕು ಸಾವಿರದ ಹತ್ರ ನಿಲ್ತಿದ್ಲು, ಐದನೇ ದಿನ ಫೋನ್ ಮನೇಲೇ ಬಿಟ್ಟು ಬಂದ್ಲು. ಕೇಳಿದ್ರೆ "ಚಾರ್ಜ್ ಇರ್ಲಿಲ್ಲ ಆಂಟಿ". ನನಗೆ ಅರ್ಥ ಆಯ್ತು ಬಿಡಿ.

ಅಷ್ಟಕ್ಕೂ ಈ 10 ಸಾವಿರ ಎಲ್ಲಿಂದ ಬಂತು ಅಂದ್ರೆ, 1965ರಲ್ಲಿ ಜಪಾನಲ್ಲಿ ಮಾರ್ಕೆಟ್‌ಗೆ ಬಂದ ಹೆಜ್ಜೆ ಎಣಿಸೋ ಮೀಟರ್ ಹೆಸರೇ 'ಮಾನ್ಪೊ-ಕೇ', ಅಂದ್ರೆ ಹತ್ತು ಸಾವಿರ ಹೆಜ್ಜೆ ಮೀಟರ್, ಅಲ್ಲಿಂದ ಹಿಡ್ಕೊಂಡಿದ್ದು ಇನ್ನೂ ಬಿಟ್ಟಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವಯಸ್ಸಿನವ್ರಿಗೆ ಹೇಳೋದು ಹೆಜ್ಜೆ ಅಲ್ಲ, ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಸ್ವಲ್ಪ ಜೋರಾಗೋ ಥರ ಮೈ ಆಡಿಸಬೇಕು ಅಂತ. 2016ರ ಲೆಕ್ಕ ತೆಗೆದಾಗ ಪ್ರಪಂಚದಲ್ಲಿ 11ರಿಂದ 17 ವಯಸ್ಸಿನ ಶಾಲಾ ಮಕ್ಕಳಲ್ಲಿ ಶೇ. 81 ಜನ ಅಷ್ಟು ಮಾಡ್ತಾನೇ ಇರ್ಲಿಲ್ಲ, ಹುಡುಗೀರಲ್ಲಿ ಶೇ. 85. ಅಂಥವ್ರಿಗೆ ಪಟ್ಟಿ ಹಾಕಿ 'ನೀನೇ ಲಾಸ್ಟ್' ಅಂದ್ರೆ ಎದ್ದು ನಡೀತಾರಾ?

ಎರಡನೇ ವಾರ ಸೆಟ್ಟಿಂಗಲ್ಲಿ ಹುಡುಕಾಡ್ತಾ ಟೀಮ್ ಮೋಡ್ ಸಿಕ್ತು. ಯಾರದೆಷ್ಟು ಅಂತ ಕಾಣಲ್ಲ, ಒಟ್ಟು ಮಾತ್ರ ಕಾಣುತ್ತೆ. ವಾರಕ್ಕೆ 3 ಲಕ್ಷ ಇಟ್ವಿ, ಅಂದ್ರೆ ತಲೆಗೆ ದಿನಕ್ಕೆ ಏಳು ಸಾವಿರದ ಚೂರು ಮೇಲೆ. ಸಾಕ್ಸ್ ಆಟ ತಾನಾಗೇ ನಿಲ್ತು, ಉಳಿದೈದು ಜನ ನಿಜವಾಗ್ಲೂ ನಡೀತಿರುವಾಗ ಕಳ್ಳ ಲೆಕ್ಕ ಸೇರಿಸಿದ್ರೆ ಅವ್ರೇ ಬಿಡ್ತಿರ್ಲಿಲ್ಲ.

ನಾಲ್ಕನೇ ವಾರದ ಕೊನೇ ರಾತ್ರಿ ಒಂಬತ್ತು ಸಾವಿರ ಕಮ್ಮಿ ಇತ್ತು. ಫೋನ್ ಮನೇಲಿ ಬಿಟ್ಟು ಬರ್ತಿದ್ಲಲ್ಲ, ಅದೇ ಹುಡುಗಿ ಎಲ್ರಿಗೂ ಕಾಲ್ ಮಾಡಿ "ಬನ್ರೋ, ಇನ್ನು ಒಂದ್ ಗಂಟೆ ಇದೆ" ಅಂದ್ಲು. ನಾಲ್ಕು ಜನ ಬಂದ್ರು, ರಸ್ತೆ ತುದಿ ತನಕ ಹೋಗೋದು ಬರೋದು, ಇಪ್ಪತ್ತೈದು ನಿಮಿಷದಲ್ಲಿ ಮುಗಿಸಿದ್ರು. ನಾನು ಹಿಂದೆ ಹಿಂದೆ ಬರ್ತಿದ್ದೆ, ಹತ್ರ ಹೋದ್ರೆ ಮಾತು ನಿಲ್ಲಿಸ್ಬಿಡ್ತಿದ್ರು ಅಂತ ಸ್ವಲ್ಪ ದೂರಾನೇ ಇದ್ದೆ.

ಬೇರೆ ತೊಂದ್ರೆಗಳೂ ಇವೆ. ಬ್ಯಾಟರಿ ಸೇವರ್ ಆನ್ ಇದ್ರೆ ಆ್ಯಪ್ ಹಿಂದುಗಡೆ ಮಲಗಿಬಿಡುತ್ತೆ, ಹೆಜ್ಜೆ ಹೋಯ್ತು. ಹುಡುಗೀರ ಬಟ್ಟೇಲಿ ಜೇಬೇ ಇರಲ್ಲ, ಫೋನ್ ಟೇಬಲ್ ಮೇಲೆ ಉಳಿಯುತ್ತೆ, ನಡೆದಿದ್ದೆಲ್ಲಾ ದಂಡ. ಅಕ್ಕನ ಮಗಳು ಸ್ವಿಮ್ಮಿಂಗ್ ಮಾಡ್ತಾಳೆ, ಸುಸ್ತಾಗಿ ಬಂದ ದಿನಾನೇ ಅವಳ ಲೆಕ್ಕ ಕಮ್ಮಿ. ಮತ್ತೆ ಲೊಕೇಶನ್, ಪಬ್ಲಿಕ್ ಪ್ರೊಫೈಲ್ ಎರಡೂ ಮೊದಲಿಂದಾನೇ ಆನ್ ಇರುತ್ತೆ, ಚಿಕ್ಕ ಮಕ್ಕಳ ಫೋನಲ್ಲಿ ಇದನ್ನ ಹೇಗೆ ಬಿಟ್ರೋ, ದಯವಿಟ್ಟು ಮೊದ್ಲು ಅದನ್ನ ಆಫ್ ಮಾಡಿ.

ಐದಕ್ಕೆ ಮೂರು ಸ್ಟಾರ್, ಮೂರೂ ಟೀಮ್ ಮೋಡ್‌ಗೇ. ಚಾಲೆಂಜ್ ಮುಗಿದು ಮೂರು ವಾರ ಆಯ್ತು, ನಾಲ್ಕು ಜನ ಇನ್ನೂ ಸಂಜೆ ಹೊರಡ್ತಾರೆ, ಇಬ್ರು ಬಿಟ್ರು. ಆ್ಯಪ್ ಯಾರ ಫೋನಲ್ಲೂ ಇಲ್ಲ.